ಕೇಳಿಸದ ಕಂಪನ

ನಾದಕ್ಕೆ ಮೂಲ ಕಂಪನ. ಮೀಟಿದ ತಂತಿ, ಬಡಿದ ಮೃದಂಗದ ಚರ್ಮ, ಕೊಳಲಿನೊಳಗಿನ ಗಾಳಿ ಇವೆಲ್ಲವೂ ಕಂಪಿಸಿಯೇ ದನಿಗೊಡುತ್ತವೆ. ವಸ್ತುವೊಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುವುದೋ ಅದಕ್ಕೆ ಆವೃತ್ತಿ ಎಂದು ಹೆಸರು. ಅದರ ಮಾನ ಹರ್ಟ್ಸ್. ಮನುಷ್ಯನ ಕಿವಿ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಗ್ರಹಿಸಬಲ್ಲದು. ಅದಕ್ಕಿಂತ ನಿಧಾನವಾದ ಕಂಪನ ನಾದವಾಗಿ ಕೇಳಿಸದು. ಆದರೆ ಕೇಳಿಸದ ಈ ಕಂಪನವೇ ಕೇಳಿಸುವ ನಾದಕ್ಕೆ ಜೀವ ತುಂಬಬಲ್ಲದು. ಇದನ್ನು ಸ್ಪಷ್ಟವಾಗಿ ತೋರಿಸಿಕೊಡುವ ವಾದ್ಯವೇ ಸಿಂಥಸೈಜರ್.

ಸಿಂಥಸೈಜರಿನಲ್ಲಿ ಮೀಟುವ ತಂತಿಯೂ ಇಲ್ಲ, ಊದುವ ಕೊಳವೆಯೂ ಇಲ್ಲ. ಆಂದೋಲಕವೆಂಬ ವಿದ್ಯುನ್ಮಂಡಲವು ಏರಿಳಿಯುವ ವಿದ್ಯುತ್ತನ್ನು ಉಂಟುಮಾಡುತ್ತದೆ. ಧ್ವನಿವರ್ಧಕವು ಅದನ್ನು ಗಾಳಿಯ ಕಂಪನವಾಗಿ ಮಾರ್ಪಡಿಸುತ್ತದೆ. 1964ರಲ್ಲಿ ಅಮೆರಿಕದ ಎಂಜಿನಿಯರ್ ರಾಬರ್ಟ್ ಮೋಗ್ ಅವರು ಸಂಗೀತಕಾರ ಹರ್ಬರ್ಟ್ ಡಾಯ್ಚ್ ಅವರೊಡಗೂಡಿ ಇಂಥ ವಾದ್ಯವೊಂದನ್ನು ರೂಪಿಸಿದರು. ಮೋಗ್ ಅವರ ವಾದ್ಯಗಳಲ್ಲಿ ಆವೃತ್ತಿಯನ್ನು ನಿರ್ಧರಿಸುವುದು ಆಂದೋಲಕಕ್ಕೆ ಒದಗುವ ವೋಲ್ಟೇಜು. ಅದು ಒಂದು ವೋಲ್ಟ್ ಹೆಚ್ಚಿದರೆ ಸ್ವರವು ಒಂದು ಸ್ಥಾಯಿ ಮೇಲೇರುತ್ತದೆ.

ಆದರೆ ಹೀಗೆ ಹುಟ್ಟಿದ ನಾದ ಕದಲದೆ ನಿಲ್ಲುತ್ತದೆ. ಕೇಳುವವರಿಗೆ ಬಹುಬೇಗ ಬೇಸರ ತರುತ್ತದೆ. ವೈಣಿಕನಾದರೋ ತಂತಿಯನ್ನು ಮೆಟ್ಟಿಲ ಮೇಲೆ ಓರೆಯಾಗಿ ಎಳೆದು ಸಡಿಲಿಸುತ್ತಾ ಸ್ವರವನ್ನು ತೂಗಾಡಿಸುತ್ತಾನೆ. ಬೆರಳುಗಳಿಲ್ಲದ ವಿದ್ಯುನ್ಮಂಡಲಕ್ಕೆ ಇಂಥ ಚಲನೆ ಬರುವುದೆಂತು? ಈ ಕೆಲಸವನ್ನು ಮಾಡುವುದು ಮತ್ತೊಂದು ಆಂದೋಲಕ. ಇದು ಸೆಕೆಂಡಿಗೆ ಕೆಲವೇ ಸಲ ಏರಿಳಿಯುವುದರಿಂದ ಇದನ್ನು ಮಂದ ಆಂದೋಲಕವೆನ್ನಬಹುದು. ಇದರ ವಿದ್ಯುತ್ತು ಧ್ವನಿವರ್ಧಕಕ್ಕೆ ಹೋಗುವುದಿಲ್ಲ. ಮೊದಲನೆಯ ಆಂದೋಲಕವನ್ನು ನಿಯಂತ್ರಿಸುವ ವೋಲ್ಟೇಜಿನೊಡನೆ ಸೇರಿಕೊಳ್ಳುತ್ತದೆ.

440 ಹರ್ಟ್ಸ್‌ನ ಸ್ವರವೊಂದು ನುಡಿಯುತ್ತಿದೆಯೆಂದು ಭಾವಿಸೋಣ. ಮಂದ ಆಂದೋಲಕದ ಆವೃತ್ತಿ 6 ಹರ್ಟ್ಸ್ ಆಗಿದ್ದರೆ, ಆ ಸ್ವರವು 435 ಮತ್ತು 445 ಹರ್ಟ್ಸ್‌ಗಳ ನಡುವೆ ಸೆಕೆಂಡಿಗೆ ಆರು ಸಲ ತೂಗುವಂತೆ ಮಾಡಬಹುದು. ಇಲ್ಲಿ ಆರು ಎಂಬುದು ವೇಗ. ಅತ್ತಿತ್ತ ಸರಿಯುವ ಐದೈದು ಹರ್ಟ್ಸ್ ಆಳ. ಮೂರನೆಯದು ಅಲೆಯ ಆಕಾರ. ಅಲೆ ನಯವಾಗಿ ಏರಿಳಿದರೆ ಸ್ವರವೂ ನಯವಾಗಿ ತೂಗುತ್ತದೆ. ಚೌಕಾಕಾರವಾಗಿದ್ದರೆ ಎರಡು ಸ್ವರಗಳ ನಡುವೆ ಥಟ್ಟನೆ ಜಿಗಿಯುತ್ತದೆ. ಇದೇ ಆಂದೋಲಕವನ್ನು ನಾದದ ತೀವ್ರತೆಗೆ ಜೋಡಿಸಿದರೆ ದನಿ ಹಿಗ್ಗುತ್ತಾ ಕುಗ್ಗುತ್ತಾ ಸಾಗುತ್ತದೆ. ಉಚ್ಚ ಆವೃತ್ತಿಗಳನ್ನು ತಡೆಯುವ ಶೋಧಕಕ್ಕೆ ಜೋಡಿಸಿದರೆ, ಬಾಯಿ ತೆರೆದು ಮುಚ್ಚಿದಂತೆ ನಾದದ ಬಣ್ಣವೇ ಬದಲಾಗುತ್ತದೆ.

ಆದರೂ ಒಂದು ತೊಡಕು ಉಳಿಯುತ್ತದೆ. ಎಡೆಬಿಡದೆ ಒಂದೇ ಸಮನಾಗಿ ತೂಗುವ ಸ್ವರವೂ ಯಾಂತ್ರಿಕವೇ. 1970ರಲ್ಲಿ ಬಂದ ಮಿನಿಮೋಗ್ ವಾದ್ಯದಲ್ಲಿ ಇದಕ್ಕೊಂದು ಪರಿಹಾರವಿತ್ತು. ಅದರ ಮೂರು ಆಂದೋಲಕಗಳಲ್ಲಿ ಕೊನೆಯದನ್ನು ಮಂದ ಆಂದೋಲಕವಾಗಿ ಬಳಸಬಹುದಿತ್ತು. ಅದರ ಪ್ರಭಾವದ ಆಳವನ್ನು ಕೀಲಿಮಣೆಯ ಎಡಗಡೆಯ ಚಕ್ರವೊಂದು ನಿಯಂತ್ರಿಸುತ್ತಿತ್ತು. ಸ್ವರವನ್ನು ಎಲ್ಲಿ ನಿಶ್ಚಲವಾಗಿಡಬೇಕು, ಎಲ್ಲಿ ಎಷ್ಟು ತೂಗಿಸಬೇಕು ಎಂಬ ನಿರ್ಧಾರ ಹೀಗೆ ವಾದಕನ ಕೈಗೇ ಮರಳಿತು.

ಮಂದ ಕಂಪನದ ವೇಗವನ್ನು ಹೆಚ್ಚಿಸುತ್ತಲೇ ಹೋದರೆ ಏನಾಗುತ್ತದೆ? 1967ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಗೀತ ರಚನಕಾರ ಜಾನ್ ಚೌನಿಂಗ್ ಅವರು ಕಂಪ್ಯೂಟರಿನ ನೆರವಿನಿಂದ ವೇಗವನ್ನೂ ಆಳವನ್ನೂ ಮಿತಿಮೀರಿ ಹೆಚ್ಚಿಸಿ ನೋಡಿದರು. ಒಂದು ಹಂತದಲ್ಲಿ ಸ್ವರದ ತೂಗಾಟವೇ ಕೇಳಿಸದಾಗಿ, ಅದುವರೆಗಿಲ್ಲದ ಹೊಸ ನಾದಗುಣವೊಂದು ಮೂಡಿತು. ಆ ತತ್ತ್ವವನ್ನೇ ಆಧರಿಸಿ ಯಮಾಹಾ ಸಂಸ್ಥೆ 1983ರಲ್ಲಿ ಡಿಎಕ್ಸ್ 7 ಎಂಬ ವಾದ್ಯವನ್ನು ಹೊರತಂದಿತು. ಅದರ ದನಿ ಜಗತ್ತಿನಾದ್ಯಂತ ಪ್ರಚಾರ ಪಡೆಯಿತು.

ಮಂದ ಆಂದೋಲಕ ತಾನಾಗಿ ಒಂದು ಸ್ವರವನ್ನೂ ನುಡಿಯುವುದಿಲ್ಲ. ಆದರೂ ನುಡಿಯುವ ಸ್ವರದಲ್ಲಿ ಅದರ ಇರವನ್ನು ಕಿವಿ ಗುರುತಿಸುತ್ತದೆ. ಅದನ್ನು ಎಷ್ಟು ಬೆರೆಸಬೇಕೆಂಬ ಹದವನ್ನು ಮಾತ್ರ ಯಂತ್ರ ತಿಳಿಯದು. ಅದನ್ನು ಅರಿತವನೇ ಸಂಗೀತಗಾರ.