ಲುಕ್ಸಾನು ತಾನಾಗಿ ಪಾಠ ಹೇಳುವುದಿಲ್ಲ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಭೀಮೆಯ ದಂಡೆಗೆ, ಅಮರ್ಜಾದ ನೀರು ಮುಟ್ಟುವ ಕಡೆಗೆ ಕಬ್ಬಿದೆ, ಹತ್ತಿಯೂ ಇದೆ. ಆದರೂ ಮಳೆಯನ್ನೇ ನಂಬಿದ ಕರಿಭೂಮಿಯ ರೈತ, ಅಡತಿ ಅಂಗಡಿಯವರು, ದಾಲ್ ಮಿಲ್ಲಿನವರು, ಬೀಜ-ಗೊಬ್ಬರ ಉದ್ರಿ ಕೊಟ್ಟವರು, ಇವರೆಲ್ಲರ ವರ್ಷದ ಹಣೆಬರಹ ನಿರ್ಧಾರವಾಗುವುದು ತೊಗರಿ ರಾಶಿಯಾದ ಮೇಲೆ. 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬೇಳೆ ಇದು. ಇದರ ವ್ಯಾಪಾರದಲ್ಲಿ ಪೆಟ್ಟು ತಿನ್ನದ ಮನೆ ಸಿಗುವುದು ಕಷ್ಟ. ಪೆಟ್ಟಿನಿಂದ ಕಲಿತದ್ದೇನು ಎಂದು ಕೇಳಿದರೆ ಬರುವ ಉತ್ತರಗಳಲ್ಲಿ ಕೆಲವು ಮುಂದಿನ ಪೆಟ್ಟಿಗೇ ದಾರಿ ಮಾಡುತ್ತವೆ.

ನಂಬಿಕೆ: “ಒಮ್ಮೆ ಕೈ ಸುಟ್ಟುಕೊಂಡಾವ ಮತ್ತ ಆ ತಪ್ಪು ಮಾಡೂದಿಲ್ಲ.”

ಮಾಡುತ್ತಾರೆ, ಅದೂ ಊರಿಗೆ ಊರೇ ಕೂಡಿ. 2015ರಲ್ಲಿ ಬರ ಬಿದ್ದು ದೇಶದ ತೊಗರಿ ಉತ್ಪಾದನೆ ಸುಮಾರು 25 ಲಕ್ಷ ಟನ್ನಿಗೆ ನಿಂತಿತು. ಕ್ವಿಂಟಲ್ ದರ ಹತ್ತು ಸಾವಿರ ದಾಟಿತು. ಮರುವರ್ಷ ಮಳೆ ಚೆನ್ನಾಗಿ ಬಂತು, ಆ ದರ ಕಣ್ಣಮುಂದಿತ್ತು, ಎಲ್ಲರೂ ತೊಗರಿಯನ್ನೇ ಬಿತ್ತಿದರು. 2016-17ರಲ್ಲಿ ದೇಶದ ಉತ್ಪಾದನೆ 48 ಲಕ್ಷ ಟನ್ ಮುಟ್ಟಿತು, ಮೇಲೆ ಮ್ಯಾನ್ಮಾರ್ ಮತ್ತು ಆಫ್ರಿಕಾದ ಮಾಲೂ ಬಂದಿಳಿಯಿತು. ಪೇಟೆಯ ದರ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಕ್ಕೆ ಕುಸಿದು, ಖರೀದಿ ಕೇಂದ್ರಗಳ ಮುಂದೆ ಚೀಲಗಳ ಸಾಲು ಬೆಳೆಯಿತು. ಕೆಲವೇ ವರ್ಷಗಳಲ್ಲಿ ಅದೇ ಕಥೆ ಮರುಕಳಿಸಿತು. 2023ರಲ್ಲಿ ದರ ಮತ್ತೆ ಹತ್ತು ಸಾವಿರ ದಾಟಿತು; 2025ರ ಆರಂಭಕ್ಕೆ ಹೊಸ ಮಾಲು ಬರುವಷ್ಟರಲ್ಲಿ 7,550ರ ಬೆಂಬಲ ಬೆಲೆಗಿಂತ ಕೆಳಗಿಳಿದಿತ್ತು. ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ ಎಂಟು ಸಾವಿರಕ್ಕೆ ಖರೀದಿಸಬೇಕಾಯಿತು.

ಇದನ್ನು ರೈತನ ದಡ್ಡತನ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಿತ್ತುವುದು ಜೂನ್-ಜುಲೈನಲ್ಲಿ, ಮಾರುವುದು ಡಿಸೆಂಬರ್ ದಾಟಿದ ಮೇಲೆ. ಬಿತ್ತುವ ದಿನ ಕೈಯಲ್ಲಿರುವ ಸುದ್ದಿ ಹಳೆಯ ದರ ಮಾತ್ರ. ಅದನ್ನು ನಂಬಿ ನಡೆಯುವುದು ಒಬ್ಬೊಬ್ಬನ ಮಟ್ಟಿಗೆ ಸರಿಯಾದ ಲೆಕ್ಕವೇ. ಎಲ್ಲರೂ ಅದೇ ಲೆಕ್ಕ ಹಾಕಿದಾಗ ಸುಳ್ಳಾಗುತ್ತದೆ. ಬೆಲೆಯ ಈ ಏರಿಳಿತಕ್ಕೆ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ 1934ರಲ್ಲೇ ‘ಜೇಡರ ಬಲೆ’ ಎಂದು ಹೆಸರಿಟ್ಟಿದ್ದರು. ಕುಸಿತ ಕಂಡ ಮೇಲೆ “ಇನ್ನ ತೊಗರಿ ಸಹವಾಸ ಬ್ಯಾಡ” ಎಂದು ಎಲ್ಲರೂ ಒಟ್ಟಿಗೆ ಬಿಡುವುದೂ ಅದೇ ಬಲೆಯ ಇನ್ನೊಂದು ಎಳೆ. ಹಳೆಯ ದರಕ್ಕಿಂತ ಹೆಚ್ಚು ಹೇಳುವ ಸುದ್ದಿಗಳಿವೆ: ಮಹಾರಾಷ್ಟ್ರ, ತೆಲಂಗಾಣ ಸೇರಿ ಎಲ್ಲೆಲ್ಲಿ ಎಷ್ಟು ಬಿತ್ತನೆಯಾಗಿದೆ, ಸುಂಕವಿಲ್ಲದ ಆಮದಿಗೆ ಕೇಂದ್ರ ಕೊಟ್ಟ ಗಡುವು ಯಾವಾಗ ಮುಗಿಯುತ್ತದೆ, ಈ ವರ್ಷದ ಬೆಂಬಲ ಬೆಲೆ ಎಷ್ಟು.

ನಂಬಿಕೆ: “ಮಾಲು ಇಟ್ಟಾವನೇ ಗೆದ್ದ.”

ಒಮ್ಮೊಮ್ಮೆ ಗೆದ್ದಿದ್ದಾನೆ, ಅದಕ್ಕೇ ಈ ಮಾತು ಸಾಯುವುದಿಲ್ಲ. ಲೆಕ್ಕ ಹೀಗೆ ಹಾಕಿ ನೋಡಿ. ಕ್ವಿಂಟಲ್‌ಗೆ 7,000 ಬರುತ್ತಿದ್ದಾಗ ಮಾರದೆ ಆರು ತಿಂಗಳು ಇಟ್ಟಿರಿ. ಮನೆ ಖರ್ಚಿಗೆ ನೂರಕ್ಕೆ ತಿಂಗಳಿಗೆ ಎರಡರಂತೆ ಸಾಲ ತೆಗೆದರೆ ಬಡ್ಡಿಯೇ 840. ಕಾಳು ಒಣಗಿ, ನುಸಿ ತಿಂದು ತೂಕದಲ್ಲಿ ನೂರಕ್ಕೆ ಎರಡು ಹೋದರೆ, ಅಸಲು ಹೊಂದಲು ದರ 8,000 ಆಗಬೇಕು. ಗೋದಾಮಿನ ಬಾಡಿಗೆ, ಹಮಾಲಿ ಇದರಲ್ಲಿ ಸೇರಿಲ್ಲ. 7,700ಕ್ಕೆ ಮಾರಿ “ಏಳ್ನೂರು ಉಳೀತು” ಎನ್ನುವವನು ಕಳೆದುಕೊಂಡದ್ದು ಅವನಿಗೇ ಗೊತ್ತಾಗಿರುವುದಿಲ್ಲ. ಇಡಲೇಬೇಕೆಂದರೆ ನೋಂದಾಯಿತ ಉಗ್ರಾಣದಲ್ಲಿಟ್ಟು, ಅದರ ರಸೀದಿಯ ಮೇಲೆ ಬ್ಯಾಂಕಿನ ಸಾಲ ಪಡೆಯಬಹುದು. 2007ರ ಉಗ್ರಾಣ ಕಾಯ್ದೆ ಇದಕ್ಕೆ ದಾರಿ ಮಾಡಿದೆ. ಆಗ ಬಡ್ಡಿಯ ಭಾರ ಕಡಿಮೆ.

ನಂಬಿಕೆ: “ಲಾಭ ಬಂದ್ರ ನನ್ನ ಬುದ್ಧಿ, ಲುಕ್ಸಾನಾದ್ರ ನಸೀಬು.”

ಇದು ಎಲ್ಲಕ್ಕಿಂತ ದುಬಾರಿ. 2015ರ ಏರು ದರದಲ್ಲಿ ಸಾಲ ಮಾಡಿ ದಾಸ್ತಾನು ಹಾಕಿ ಗೆದ್ದವನೂ ತಪ್ಪು ಮಾಡಿರಬಹುದು. ಅದೇ ವರ್ಷ ಸರ್ಕಾರ ದಾಸ್ತಾನು ಮಿತಿ ಹೇರಿ ದಾಳಿಗಿಳಿದಾಗ ಸಿಕ್ಕಿಬೀಳದೆ ಉಳಿದದ್ದು ಬುದ್ಧಿಯಿಂದಲ್ಲ. ಸರಿಯಾಗಿ ಯೋಚಿಸಿ ಕೊಂಡು ಸೋತವನೂ ಇರುತ್ತಾನೆ. ಇಬ್ಬರನ್ನೂ ಬೇರ್ಪಡಿಸಿ ತೋರಿಸುವುದು ಕಿರ್ದಿ ಪುಸ್ತಕ ಒಂದೇ. ಕೊಂಡ ದಿನವೇ ದರದ ಪಕ್ಕದಲ್ಲಿ “ಯಾಕೆ ಕೊಂಡೆ, ಎಷ್ಟಕ್ಕಿಳಿದರೆ ಮಾರಿಬಿಡುತ್ತೇನೆ” ಎಂದು ಒಂದು ಸಾಲು ಬರೆದಿಟ್ಟರೆ, ಆರು ತಿಂಗಳ ನಂತರ ನೆನಪು ಕಥೆ ಕಟ್ಟಲಾರದು. ಮಿಲ್ಲಿನವರಿಗೂ ಇದೇ ಮಾತು. ನೂರು ಕ್ವಿಂಟಲ್ ತೊಗರಿಗೆ ಬೇಳೆ ನೂರಕ್ಕೆ ಒಂದು ಕಡಿಮೆ ಬಂದರೆ ಒಂದು ಕ್ವಿಂಟಲ್ ಬೇಳೆ ನುಚ್ಚು-ಹೊಟ್ಟಿಗೆ ಹೋಯಿತು. ಒಂದೊಂದು ಲಾಟಿನ ತೂಕ ಬರೆಯದವರು ಇದನ್ನು ಪೇಟೆಯ ದರದ ಮೇಲೆ ಹಾಕಿಬಿಡುತ್ತಾರೆ.

ನಂಬಿಕೆ: “ನೆಟೆ ರೋಗ ದೇವರ ಆಟ, ಅದರಾಗ ಕಲಿಯೂದೇನದ?”

ಬಹಳ ಇದೆ. ಒಣಗಿದ ಗಿಡಗಳೆಲ್ಲ ಒಂದೇ ಕಾರಣಕ್ಕೆ ಸತ್ತಿರುವುದಿಲ್ಲ. ಕಾಂಡ ಸೀಳಿದಾಗ ಒಳಗೆ ಕಂದು-ಕಪ್ಪು ಗೆರೆ ಕಂಡರೆ ಅದು ಫ್ಯುಸೇರಿಯಂ ಶಿಲೀಂಧ್ರದ ನೆಟೆ. ಅದು ಮಣ್ಣಿನಲ್ಲಿ, ಹಳೆಯ ಕೂಳೆಗಳಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದೇ ಹೊಲಕ್ಕೆ ಮತ್ತೆ ತೊಗರಿ ಹಾಕಿ ಔಷಧಿ ಸಿಂಪಡಿಸಿದರೆ ಔಷಧಿಯ ದುಡ್ಡೂ ಹೋಯಿತು. ಜೋಳದಂಥ ಬೆಳೆಗೆ ಹೊಲ ಬದಲಿಸಬೇಕು, ರೋಗ ತಡೆಯುವ ತಳಿ ಆರಿಸಬೇಕು. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ಅಂಥದ್ದು. ಬೇರಿನ ಸಿಪ್ಪೆ ಕೊಳೆತು ಸುಲಿದು ಬಂದರೆ ಅದು ಒಣ ಬೇರು ಕೊಳೆ. ಹಸಿ ಆರಿದ, ಬಿಸಿಲು ಬಲಿತ ಹೊಲದಲ್ಲಿ ಹೆಚ್ಚು. ಎರಡರ ಉಪಾಯವೂ ಬೇರೆ. ಅದಕ್ಕೇ ಹೊಲ ಹರಗುವ ಮೊದಲು ನಾಲ್ಕಾರು ಒಣಗಿದ ಗಿಡಗಳನ್ನು ಬೇರು ಸಮೇತ ಕಿತ್ತು, ಸೀಳಿ ನೋಡಿ, ತಿಳಿಯದಿದ್ದರೆ ಸಂಶೋಧನಾ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರಕ್ಕೋ ಒಯ್ದು ತೋರಿಸಿ. ಬೀಜ ಕೊಳ್ಳುವುದು ಆಮೇಲೆ.