‘ಕನ್ಸಲ್ಟ್’ ಅಂದರೆ ಕೇಳುವುದೋ, ಮಾತು ಕೇಳುವುದೋ?

ಮದುವೆ ಮಾತುಕತೆ ನಡೆಯುವ ಮನೆಯಲ್ಲಿ ಹಿರಿಯರು ಯಾರಾದರೂ ಒಬ್ಬರು ‘ಹುಡುಗೀನ ಒಂದು ಮಾತು ಕೇಳಿದ್ರಾ?’ ಅಂತಾರೆ. ‘ಕೇಳಿದ್ವಿ’ ಅನ್ನೋ ಉತ್ತರ ಬರುತ್ತೆ. ಅಲ್ಲಿಗೆ ಆ ವಿಷಯ ಮುಗೀತು. ಅವಳು ಏನಂದಳು ಅಂತ ಬಹಳ ಸಲ ಯಾರೂ ವಿಚಾರಿಸೋದಿಲ್ಲ.

ನಮ್ಮ ‘ಕೇಳು’ ಪದದೊಳಗೇ ಈ ಆಟ ಇದೆ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ‘ಅಪ್ಪನ ಮಾತು ಕೇಳು’ ಅಂದಾಗ ಹೇಳಿದಂತೆ ನಡೆಯುವುದೂ ಕೇಳುವುದೇ. ಇಂಗ್ಲಿಷಿನ ‘ಕನ್ಸಲ್ಟ್’ ಪದದ ಕತೆಯೂ ಹೆಚ್ಚುಕಡಿಮೆ ಹೀಗೇ. ಡಾಕ್ಟರನ್ನು ಕನ್ಸಲ್ಟ್ ಮಾಡಿದರೆ ಅವರು ಬರೆದುಕೊಟ್ಟ ಮಾತ್ರೆ ನುಂಗುತ್ತೇವೆ. ಕಂಪನಿಗಳು ಕನ್ಸಲ್ಟೆಂಟ್‌ಗೆ ಲಕ್ಷಗಟ್ಟಲೆ ಕೊಟ್ಟು ವರದಿ ಬರೆಸಿ ಮೂಲೆಗೆ ಹಾಕುವುದೂ ಉಂಟು. ವಿಚಾರಿಸು, ಚರ್ಚಿಸು, ಸಲಹೆ ಪಡೆ, ಸಮಾಲೋಚಿಸು ಅಂತ ನಾವು ಒಂದರ ಬದಲಿಗೆ ಇನ್ನೊಂದನ್ನು ಸಲೀಸಾಗಿ ಬಳಸುತ್ತೇವೆ. ಆದರೆ ಕಾನೂನಿನಲ್ಲಿ ಈ ಸಮಾನಾರ್ಥಕ ಪದಗಳು ಸಮಾನ ಅಲ್ಲ. ಯಾವುದು ಎಷ್ಟು ತೂಗುತ್ತೆ ಅನ್ನೋದರ ಮೇಲೆ ಒಂದು ಬೆಟ್ಟ ಉಳಿಯಬಹುದು, ಒಂದು ರಾಜ್ಯ ಎರಡಾಗಬಹುದು.

ನಾನು ಎಂಜಿನಿಯರಿಂಗ್ ಓದಿದವನು. ಇಂಟರ್ನೆಟ್ ಮಾನದಂಡಗಳನ್ನು ಬರೆಯುವವರಿಗೆ 1997ರ ಒಂದು ಪುಟ್ಟ ದಾಖಲೆ ಇದೆ, ಆರ್‌ಎಫ್‌ಸಿ 2119. ‘ಮಸ್ಟ್’ ಅಂದರೆ ಏನು, ‘ಶುಡ್’ ಅಂದರೆ ಏನು, ‘ಮೇ’ ಅಂದರೆ ಏನು ಅಂತ ಹೇಳುವುದಷ್ಟೇ ಅದರ ಕೆಲಸ. ಯಂತ್ರಗಳ ನಡುವೆ ಗೊಂದಲ ಬೇಡ ಅಂತ ಇಷ್ಟೊಂದು ಕಾಳಜಿ. ನಮ್ಮ ಸಂವಿಧಾನದ 366ನೇ ವಿಧಿಯಲ್ಲೂ ಪದಗಳ ವ್ಯಾಖ್ಯಾನಗಳಿವೆ. ಆದರೆ ಅಲ್ಲಿ ‘ಕನ್ಸಲ್ಟೇಶನ್’ ಇಲ್ಲ.

ಹಾಗಂತ ಸಂವಿಧಾನ ಬರೆದವರಿಗೆ ವ್ಯತ್ಯಾಸ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. 370ನೇ ವಿಧಿಯನ್ನೇ ನೋಡಿ. ಕೆಲವು ವಿಷಯಗಳಿಗೆ ಜಮ್ಮು ಕಾಶ್ಮೀರ ಸರ್ಕಾರದ ಜತೆ ‘ಕನ್ಸಲ್ಟೇಶನ್’ ಸಾಕು, ಉಳಿದವಕ್ಕೆ ‘ಕನ್ಕರೆನ್ಸ್’ ಬೇಕು ಅಂತ ಅದರಲ್ಲಿ ಬರೆದಿತ್ತು. ಮೊದಲನೆಯದು ಸಮಾಲೋಚನೆ, ಎರಡನೆಯದು ಸಮ್ಮತಿ. 1949ರ ಮೇ 24ರಂದು ಸಂವಿಧಾನ ರಚನಾ ಸಭೆಯಲ್ಲಿ ನ್ಯಾಯಾಧೀಶರ ನೇಮಕದ ಚರ್ಚೆ ಬಂತು. ಮುಖ್ಯ ನ್ಯಾಯಮೂರ್ತಿಯ ಸಮ್ಮತಿ ಕಡ್ಡಾಯ ಮಾಡಿ ಅಂತ ಬಿ. ಪೋಕರ್ ಸಾಹಿಬ್ ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿಯೂ ಎಲ್ಲರಂತೆ ದೌರ್ಬಲ್ಯಗಳಿರುವ ಮನುಷ್ಯನೇ, ಅವರ ಕೈಗೆ ವೀಟೊ ಕೊಡುವುದು ಅಪಾಯ ಅನ್ನುವುದು ಅವರ ವಾದದ ಸಾರ. ಹೀಗೆ 124ನೇ ವಿಧಿಯಲ್ಲಿ ‘ಕನ್ಸಲ್ಟೇಶನ್’ ಉಳಿಯಿತು.

ಮುಂದೆ ಇದೇ ಪದ ಬೇರೆ ಬೇರೆ ದಾರಿ ಹಿಡಿಯಿತು.

1957ರಲ್ಲಿ ಮನಬೋಧನ್ ಲಾಲ್ ಪ್ರಕರಣ ಸುಪ್ರೀಂ ಕೋರ್ಟ್ ಮುಂದಿತ್ತು. ಸರ್ಕಾರಿ ನೌಕರರ ಶಿಸ್ತುಕ್ರಮದ ವಿಷಯದಲ್ಲಿ ಲೋಕಸೇವಾ ಆಯೋಗವನ್ನು ಕನ್ಸಲ್ಟ್ ಮಾಡತಕ್ಕದ್ದು ಎನ್ನುತ್ತದೆ 320ನೇ ವಿಧಿ. ಇದು ಕಡ್ಡಾಯವಲ್ಲ, ಕೇಳದಿದ್ದರೂ ಸರ್ಕಾರದ ಆದೇಶ ಬಿದ್ದುಹೋಗುವುದಿಲ್ಲ ಎಂದಿತು ಕೋರ್ಟ್.

ನ್ಯಾಯಾಧೀಶರ ನೇಮಕದ ವಿಷಯದಲ್ಲೂ 1981ರ ಎಸ್.ಪಿ. ಗುಪ್ತಾ ತೀರ್ಪು, ಸಮಾಲೋಚನೆ ಅಂದರೆ ಸಮ್ಮತಿ ಅಲ್ಲ, ಕೊನೆಯ ಮಾತು ಕೇಂದ್ರ ಸರ್ಕಾರದ್ದು ಎಂದಿತ್ತು. ಆದರೆ 1993ರಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಬಹುಮತದಿಂದ ಅದನ್ನು ತಿರುಗಿಸಿತು. ಮುಖ್ಯ ನ್ಯಾಯಮೂರ್ತಿಯ ಅಭಿಪ್ರಾಯಕ್ಕೇ ಪ್ರಾಧಾನ್ಯ ಅಂತಾಯಿತು. ಸಂವಿಧಾನದಲ್ಲಿ ಎಲ್ಲೂ ಇಲ್ಲದ ‘ಕೊಲಿಜಿಯಂ’ ಹುಟ್ಟಿದ್ದು ಹೀಗೆ. 1998ರಲ್ಲಿ ಅದು ಐವರ ಕೂಟವಾಯಿತು. ನೇಮಕಕ್ಕೆ ಬೇರೆ ಆಯೋಗ ರಚಿಸುವ ತಿದ್ದುಪಡಿಯನ್ನು ಸಂಸತ್ತು ತಂದಾಗ, 2015ರಲ್ಲಿ ಕೋರ್ಟ್ ಅದನ್ನು 4:1ರಿಂದ ರದ್ದುಮಾಡಿತು. ತಿದ್ದುಪಡಿ ಬಿದ್ದಿತು, ‘ಕನ್ಸಲ್ಟೇಶನ್’ ಪದ ಹಾಗೇ ಉಳಿಯಿತು. ಅದರ ಅರ್ಥ ಮಾತ್ರ ಅಂಬೇಡ್ಕರ್ ಬೇಡ ಅಂದಿದ್ದರ ಹತ್ತಿರಕ್ಕೆ ಬಂದು ನಿಂತಿದೆ.

ನ್ಯಾಯಾಧೀಶರ ಭಯ ಸುಳ್ಳಾಗಿರಲಿಲ್ಲ. 1973ರಲ್ಲಿ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಗಿತ್ತು. ತುರ್ತು ಪರಿಸ್ಥಿತಿಯಲ್ಲಿ ಒಂಟಿಯಾಗಿ ಭಿನ್ನಮತ ಬರೆದ ಎಚ್.ಆರ್. ಖನ್ನಾ ಅವರಿಗೆ 1977ರಲ್ಲಿ ಆ ಹುದ್ದೆ ತಪ್ಪಿತು. ಸುಮ್ಮನೆ ಕೇಳಿದ ಶಾಸ್ತ್ರ ಮಾಡಿದರೆ ನ್ಯಾಯಾಂಗದ ಸ್ವಾತಂತ್ರ್ಯ ಉಳಿಯಲ್ಲ ಅನ್ನುವ ವಾದದಲ್ಲಿ ತಿರುಳಿದೆ. ನನ್ನ ಪ್ರಶ್ನೆ ಇಷ್ಟೇ: ಈ ವಾದ ಉಳಿದವರಿಗೆ ಯಾಕೆ ಇಲ್ಲ?

ಒಂದು ರಾಜ್ಯವನ್ನು ಒಡೆಯುವಾಗ 3ನೇ ವಿಧಿಯ ಪ್ರಕಾರ ಆ ರಾಜ್ಯದ ಶಾಸನಸಭೆಯ ‘ವ್ಯೂಸ್’, ಅಂದರೆ ಅಭಿಪ್ರಾಯ, ಕೇಳಿದರೆ ಸಾಕು. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಫೆಬ್ರವರಿಯಲ್ಲಿ ಸಂಸತ್ತು ಅದನ್ನು ಪಾಸು ಮಾಡಿತು. ತೆಲಂಗಾಣ ಬೇಕಿತ್ತೋ ಬೇಡವೋ ಅನ್ನೋದು ಬೇರೆ ಚರ್ಚೆ. ಇಲ್ಲಿ ಗಮನಿಸಬೇಕಾದ್ದು, ಇಡೀ ವಿಧಾನಸಭೆಯ ‘ಬೇಡ’ಕ್ಕೂ ತಡೆಯುವ ಬಲ ಇರಲಿಲ್ಲ.

ಇನ್ನು ಜನರ ಪಾಡು ಕೇಳಿ. 2006ರ ಪರಿಸರ ಅಧಿಸೂಚನೆಯಲ್ಲಿ ‘ಪಬ್ಲಿಕ್ ಕನ್ಸಲ್ಟೇಶನ್’ ಒಂದು ಹಂತ. ಸಾರ್ವಜನಿಕ ಅಹವಾಲು ಸಭೆ ಶುರುವಾಗಲು ಇಂತಿಷ್ಟು ಜನ ಇರಲೇಬೇಕು ಅಂತಿಲ್ಲ. ಬಂದವರೆಲ್ಲ ಬೇಡ ಅಂದರೂ ಅಷ್ಟಕ್ಕೇ ಯೋಜನೆ ನಿಲ್ಲಬೇಕಿಲ್ಲ. 2020ರ ಕರಡಂತೂ ಸಭೆಯ ನೋಟಿಸ್ ಅವಧಿಯನ್ನು 30 ದಿನದಿಂದ 20ಕ್ಕೆ ಇಳಿಸಲು ಹೊರಟಿತ್ತು. ಆ ಕರಡನ್ನು ಭಾರತೀಯ ಭಾಷೆಗಳಿಗೆ ಅನುವಾದಿಸಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಅಂತಿಮ ಅಧಿಸೂಚನೆ ಹೊರಡಿಸದಂತೆ ಕರ್ನಾಟಕ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಕನ್ನಡದವರಿಗೆ ಕನ್ನಡದಲ್ಲಿ ತಿಳಿಸದೆ ‘ಕೇಳಿದ್ವಿ’ ಅಂದರೆ ಅದು ಯಾವ ಸೀಮೆ ಕೇಳುವಿಕೆ?

ಪದ ಬದಲಾದರೆ ಏನಾಗುತ್ತೆ ಅನ್ನೋದಕ್ಕೆ ಒಡಿಶಾದ ನಿಯಮಗಿರಿ ಸಾಕ್ಷಿ. ಅರಣ್ಯ ಹಕ್ಕು ಕಾಯ್ದೆಯ ಬಲದಿಂದ ಅಲ್ಲಿ ಗ್ರಾಮಸಭೆಗಳ ಮಾತಿಗೆ ತೂಕ ಬಂತು. 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ 12 ಗ್ರಾಮಸಭೆ ನಡೆದವು. ಹನ್ನೆರಡೂ ಗಣಿಗಾರಿಕೆ ಬೇಡ ಎಂದವು. ಗಣಿ ಬರಲಿಲ್ಲ. ಅದೇ ವರ್ಷದ ಭೂಸ್ವಾಧೀನ ಕಾಯ್ದೆಯಲ್ಲೂ ಖಾಸಗಿ ಕಂಪನಿಗಾದರೆ ಭೂಮಿ ಕಳೆದುಕೊಳ್ಳುವವರಲ್ಲಿ ಶೇ. 80, ಸರ್ಕಾರಿ-ಖಾಸಗಿ ಸಹಭಾಗಿತ್ವಕ್ಕಾದರೆ ಶೇ. 70 ಮಂದಿಯ ‘ಕನ್ಸೆಂಟ್’, ಅಂದರೆ ಒಪ್ಪಿಗೆ ಬೇಕು ಅಂತಿದೆ.

ಹಾಗಾದರೆ ಪ್ರತಿ ಊರಿಗೂ ವೀಟೊ ಕೊಟ್ಟುಬಿಡಬೇಕಾ ಅಂತ ನೀವು ಕೇಳಬಹುದು. ಎಲ್ಲ ಕಡೆ ಆಗದು, ನಿಜ. ಆದರೆ ಬರೀ ಕೇಳುವುದಕ್ಕೂ ವೀಟೊಗೂ ನಡುವೆ ಒಂದು ಜಾಗ ಇದೆ: ಕೇಳಿದ ಮೇಲೆ ಯಾಕೆ ಒಪ್ಪಲಿಲ್ಲ ಅಂತ ಬರೆದು ಕೊಡುವುದು. ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ಪ್ರಕಟಿಸಬೇಕು ಅಂತ ಕೇಂದ್ರದ 2014ರ ನೀತಿಯೊಂದು ಹೇಳುತ್ತೆ. ಆದರೆ ಅದು ನೀತಿಯಷ್ಟೇ, ಕಾಯ್ದೆ ಅಲ್ಲ. ಅದನ್ನು ಕಾಯ್ದೆ ಮಾಡಿ ಅಂತ ಒತ್ತಾಯಿಸುವುದು ನಮ್ಮ ಕೈಲಾಗುವ ಕೆಲಸ.

ಅಲ್ಲಿಯವರೆಗೆ, ಯಾವುದೇ ಮಸೂದೆ ಅಥವಾ ಅಧಿಸೂಚನೆ ಕೈಗೆ ಬಂದರೆ ಮೊದಲು ಕ್ರಿಯಾಪದ ಹುಡುಕಿ. ‘ಅಭಿಪ್ರಾಯ’ ಅಂತಿದ್ದರೆ ನಿಮ್ಮ ಮಾತು ಕಡತಕ್ಕೆ ಹೋಗುತ್ತೆ. ‘ಸಮಾಲೋಚನೆ’ ಅಂತಿದ್ದರೆ ಅದರ ಅರ್ಥಕ್ಕಾಗಿ ಜಗಳ ಆಡಬೇಕಾಗುತ್ತೆ. ‘ಒಪ್ಪಿಗೆ’ ಅಂತಿದ್ದರೆ ಮಾತ್ರ ನೀವು ಬೇಡ ಅಂದಾಗ ಅವರು ನಿಲ್ಲಲೇಬೇಕು.