ನಿಮಗಿದು ಗೊತ್ತೆ? ಪ್ಲೇಗು ಕಟ್ಟಿಸಿದ ಬೀದಿ, ಪೋಲಿಯೊ ಮರಳಿದ ಡೇರೆ

ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಅಗಲ ಬೀದಿಗಳು, ಮನೆಗಳ ಹಿಂದೆ ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು 1898ರ ಪ್ಲೇಗನ್ನು ನೆನಪಿಸುತ್ತವೆ. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಗಾಳಿ ಬೆಳಕಿಗೆ ತರುವುದೇ ಆಗ ದೊಡ್ಡ ಮದ್ದಾಗಿತ್ತು.

ಯುದ್ಧ ನಡೆಯುವಲ್ಲಿ ಇದೆಲ್ಲ ತಲೆಕೆಳಗಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ಯುದ್ಧ ಶುರುವಾದ ಮೇಲೆ ಗಾಜಾದಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮನೆ ತೊರೆದರು, ಅದೂ ಎಷ್ಟೋ ಜನ ಮತ್ತೆ ಮತ್ತೆ. ಸೇರಿದ್ದು ಬಯಲಿಗಲ್ಲ, ಇನ್ನೂ ಕಿಕ್ಕಿರಿದ ಡೇರೆಗಳಿಗೆ. ಇಂಧನವಿಲ್ಲದೆ ಪಂಪುಗಳು ನಿಂತವು, ಚರಂಡಿ ನೀರು ಡೇರೆಗಳ ನಡುವೆಯೇ ಹರಿಯಿತು. ಯುದ್ಧಕ್ಕೆ ಮುನ್ನ ಅಲ್ಲಿ ಪೋಲಿಯೊ ಲಸಿಕೆ ಬಹುತೇಕ ಎಲ್ಲ ಮಕ್ಕಳಿಗೂ ಸಿಗುತ್ತಿತ್ತು. ಆ ಸರಪಳಿ ತುಂಡಾಯಿತು. 2024ರ ಜುಲೈನಲ್ಲಿ ಕೊಳಚೆ ನೀರಿನಲ್ಲಿ ವೈರಾಣು ಕಂಡಿತು. ಆಗಸ್ಟ್‌ನಲ್ಲಿ, 25 ವರ್ಷಗಳ ಬಳಿಕ ಮೊದಲ ಸಲ, ಹತ್ತು ತಿಂಗಳ ಮಗುವೊಂದರ ಕಾಲು ಪೋಲಿಯೊದಿಂದ ಸ್ವಾಧೀನ ತಪ್ಪಿದ್ದು ಖಚಿತವಾಯಿತು.

ಆಶ್ಚರ್ಯವೆಂದರೆ, ಮಕ್ಕಳಿಗೆ ಪೋಲಿಯೊ ಹನಿ ಹಾಕಲೆಂದೇ ಪ್ರದೇಶವಾರು ಕೆಲ ಗಂಟೆ ಕದನ ನಿಲ್ಲಿಸಲಾಯಿತು. ಸೆಪ್ಟೆಂಬರ್‌ನ ಮೊದಲ ಸುತ್ತಿನಲ್ಲೇ ಹತ್ತು ವರ್ಷದೊಳಗಿನ ಸುಮಾರು 5.6 ಲಕ್ಷ ಮಕ್ಕಳಿಗೆ ಲಸಿಕೆ ಸಿಕ್ಕಿತು. ಇತ್ತ ಭಾರತದಲ್ಲಿ ನಿಸರ್ಗದಲ್ಲಿರುವ (ವೈಲ್ಡ್) ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ 2011ರದು. 2014ರಲ್ಲಿ ನಮಗೆ ಪೋಲಿಯೊ ಮುಕ್ತ ಪ್ರಮಾಣಪತ್ರ ದೊರೆಯಿತು.